ಎಡ ತಿರುವಿನಲ್ಲಿ ಕೆಮ್ಮುವ ಕಾರು

"ನನ್ನ ಕಾರಿಗೆ ಇನ್ನು ಮೇಲೆ ಪರರ ಸ್ಪ್ಯಾನರ್ ಸೋಕಕೂಡದು!" ಎಂದು ಹಲ್ಲಿನ ಡಾಕ್ಟರರು ಊಟದ ಮೇಜು ಗುದ್ದಿ ಘೋಷಿಸಿದರು. ಚಮಚ ನೆಲಕ್ಕೆ ಬಿತ್ತು. ಅವರ ಹೆಂಡತಿ ಶಾಲೆಯೊಂದರ ಹೆಡ್‌ಮೇಡಂ. ಚಮಚವನ್ನೂ ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಮುದಿ ಗಾಡಿ ರೀ ಅದು. ಮಾರಿಬಿಡಿ."

"ಹಲ್ಲು ನೋವು ಅಂತ ಬಂದೋರ ತಲೇನೇ ತೆಗೀತೀನಾ ನಾನು? ರೋಗ ಹುಡುಕ್ಬೇಕು ಕಣೇ!"

ರೋಗ ಇದ್ದದ್ದು ಹೀಗೆ. ತಿಂಗಳಿಗೊಮ್ಮೆ ಊರಾಚೆಯ ರೇಸ್ ಟ್ರ್ಯಾಕನ್ನು ಎಲ್ಲರಿಗೂ ತೆರೆಯುತ್ತಿದ್ದರು. ಯಾರು ಬೇಕಾದರೂ ತಮ್ಮ ಕಾರನ್ನು ಮನಸಾರೆ ಓಡಿಸಬಹುದು. ಡಾಕ್ಟರರ ಕಾರು ನೇರ ರಸ್ತೆಯಲ್ಲಿ ಸಿಂಹ! ಉದ್ದನೆಯ ಎಡ ತಿರುವು ಬಂತೋ, ಖೊಕ್ ಖೊಕ್ ಎಂದು ಕೆಮ್ಮಿ, ಮುಗ್ಗರಿಸಿ, ತಣ್ಣಗಾಗುತ್ತಿತ್ತು. ಹೊಸ ಕಾರುಗಳು ಭರ್ರನೆ ದಾಟಿಹೋಗುತ್ತಿದ್ದವು. ಒಬ್ಬನಂತೂ ದಾಟುವಾಗ ಕೈ ಬೀಸಿದ್ದ. ಆ ಕೈ ಡಾಕ್ಟರರ ಎದೆಯಲ್ಲಿ ಇನ್ನೂ ಬೀಸುತ್ತಲೇ ಇತ್ತು.

"ಎಂಜಿನ್ನಿಗೆ ಪೆಟ್ರೋಲ್ ಮುಟ್ಟುತ್ತಿಲ್ಲ" ಎಂದು ರೋಗನಿರ್ಣಯವಾಯಿತು. ಶಸ್ತ್ರಚಿಕಿತ್ಸೆ ಮನೆಯ ಶೆಡ್ಡಿನಲ್ಲಿ. ಹಳೆಯ ಫಿಲ್ಟರ್ ಕಿತ್ತು ಹೊಸದು ಹಾಕಿದರು. ಪೈಪುಗಳಿಗೆ ಕ್ಲಿನಿಕ್ಕಿನಿಂದ ತಂದ ಪಂಪಿನಲ್ಲಿ ಗಾಳಿ ಊದಿದರು. ಕಾರಿನ ಹಿಂದಿನ ಸೀಟು ಬಿಚ್ಚಿ ಹಾಲ್‌ನ ಸೋಫಾ ಪಕ್ಕಕ್ಕೆ ತಂದಿಟ್ಟರು. ಬಾಯಿ ನೋಡುವ ಪುಟ್ಟ ಕನ್ನಡಿಯನ್ನು ಟ್ಯಾಂಕಿನೊಳಗೆ ಇಳಿಬಿಟ್ಟು, "ಆ ಅನ್ನಿ... ಇನ್ನೂ ಅಗಲಕ್ಕೆ..." ಎಂದು ಅಭ್ಯಾಸಬಲದಿಂದ ಗೊಣಗಿದರು. ಪೆಟ್ರೋಲ್ ಪಂಪೂ ಹೊಸದಾಯಿತು. ಆ ಗಲಾಟೆಯಲ್ಲಿ ಪೆಟ್ರೋಲ್ ಚೆಲ್ಲಿ, ಅಂಗಿಯಿಂದ ಅಡುಗೆಮನೆಯವರೆಗೂ ಘಮಘಮ!

"ಯಾರೂ ಒಲೆ ಹಚ್ಚಕೂಡದು!"

"ಒಲೆ ಯಾಕೆ? ನನ್ನ ಹೊಟ್ಟೇನೇ ಉರೀತಿದೆ, ಅದರ ಮೇಲೇ ಅನ್ನ ಮಾಡ್ಕೊಳ್ಳಿ" ಎಂದು ಹೆಡ್‌ಮೇಡಂ ಒಣ ಬ್ರೆಡ್ ಕಡಿದರು.

ಕ್ಲಿನಿಕ್ಕಿನಲ್ಲೂ ಬಿಡುಗಡೆಯಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವರೊಬ್ಬರು ಮೂಗರಳಿಸಿ, "ಡಾಕ್ಟ್ರೇ, ನಿಮ್ಮ ಡ್ರಿಲ್ಲು ಪೆಟ್ರೋಲಲ್ಲಿ ಓಡುತ್ತಾ?" ಎಂದು ಕೇಳಿ ಎದ್ದೇ ಹೋದರು.

ಆದರೂ ಡಾಕ್ಟರರು ಜಗ್ಗಲಿಲ್ಲ. ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಎದೆಯುಬ್ಬಿಸಿ ಟ್ರ್ಯಾಕಿಗೆ ಹೋದರು. ಎಡ ತಿರುವು. ಖೊಕ್ ಖೊಕ್! ಟ್ರ್ಯಾಕಿನವರು ಹಗ್ಗ ಕಟ್ಟಿ ಅಂಚಿಗೆ ಎಳೆದು ತಂದರು.

"ಈಗಲಾದ್ರೂ ಸೋತೆ ಅನ್ನಿ."

"ಸೋಲೋ ಜಾಯಮಾನವೇ ನಂದಲ್ಲ!"

ಸಿಟ್ಟಿನಲ್ಲಿ ಕಿತ್ತಳೆ ರಸದ ಬಾಟಲಿ ಎತ್ತಿ ಸ್ಟ್ರಾ ಕಚ್ಚಿದರು. ತಳದಲ್ಲಿ ಒಂದಿಷ್ಟೇ ಉಳಿದಿತ್ತು. ಕೈ ವಾಲಿತು, ರಸವೆಲ್ಲ ಒಂದು ಮೂಲೆ ಸೇರಿತು, ಸ್ಟ್ರಾ ಗೊರ್ರ್ ಎಂದು ಬರೀ ಗಾಳಿ ಎಳೆಯಿತು. ಡಾಕ್ಟರರು ಹಾರಿಬಿದ್ದರು.

"ಸಿಕ್ತು! ಸಿಕ್ತು!"

"ಏನು, ಜ್ಯೂಸಾ?"

"ರೋಗ ಕಣೇ!" ಕಾರು ಹಗುರವಾಗಿರಲೆಂದು ಅವರು ಟ್ಯಾಂಕಿಗೆ ಕಾಲು ಭಾಗವಷ್ಟೇ ಪೆಟ್ರೋಲ್ ಹಾಕುತ್ತಿದ್ದರು. ವೇಗವಾಗಿ ಎಡಕ್ಕೆ ತಿರುಗಿದಾಗ ಅಷ್ಟೂ ಬಲಕ್ಕೆ ಜಾರಿ, ಎಡಬದಿಯಲ್ಲಿ ಹೀರುವ ಪೈಪಿಗೆ ಗಾಳಿಯೇ ಗತಿ!

"ಅಂದ್ರೆ ಇಷ್ಟು ದಿನ ಕಾರೂ ನನ್ನ ಹಾಗೇ ಉಪವಾಸ ಇತ್ತು. ಮತ್ತೆ ಆ ಹೊಸ ಫಿಲ್ಟರು, ಪಂಪು?"

"ಅವು... ಮುನ್ನೆಚ್ಚರಿಕೆ!"

ಟ್ಯಾಂಕು ತುಂಬಿತು. ಕಾರು ಎಡ ತಿರುವನ್ನು ಬೆಣ್ಣೆಯಲ್ಲಿ ಚಾಕು ಆಡಿಸಿದಂತೆ ಸೀಳಿತು. ಸುತ್ತು ಮುಗಿಸಿ ಇಳಿದ ಡಾಕ್ಟರರ ಮೀಸೆ ಆಕಾಶ ಮುಟ್ಟುವುದೊಂದು ಬಾಕಿ.

"ಹೆಲ್ಮೆಟ್ ಕೊಡಿ ಇಲ್ಲಿ," ಎಂದರು ಹೆಡ್‌ಮೇಡಂ. "ಒಂದು ಸುತ್ತು ನಂದು."

"ಸ್ಟೀರಿಂಗ್ ಭಾರ ಕಣೇ, ಗೇರು ಬಿಗಿ, ನಿನ್ನ ಕೈಲಿ..."

ಮಾತು ಮುಗಿಯುವಷ್ಟರಲ್ಲಿ ಕಾರು ಕಣ್ಮರೆಯಾಗಿತ್ತು. ಮರಳಿ ಬಂದು ನಿಂತಾಗ, ಸಮಯ ಅಳೆಯುವ ಅಧಿಕಾರಿ ಸ್ಟಾಪ್‌ವಾಚ್ ಹಿಡಿದು ಓಡೋಡಿ ಬಂದು ಡಾಕ್ಟರರ ಕೈ ಕುಲುಕಿದ.

"ಡಾಕ್ಟ್ರೇ, ಇವತ್ತು ಬಂದ ಹಳೇ ಗಾಡಿಗಳಲ್ಲೆಲ್ಲ ನಿಮ್ಮದೇ ಫಸ್ಟು! ಇದಕ್ಕೆ ಮೊದಲು ಹೊಡೆದ ಸುತ್ತು ಇದರ ಹತ್ತಿರಕ್ಕೂ ಬರಲ್ಲ. ಅಷ್ಟರಲ್ಲಿ ಏನು ಬದಲಾಯಿಸಿದ್ರಿ?"

ಡಾಕ್ಟರರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು.

ಹೆಲ್ಮೆಟ್ ಕಳಚುತ್ತಾ ಹೆಡ್‌ಮೇಡಂ ಹೇಳಿದರು: "ಡ್ರೈವರನ್ನ."