ದನದ ಡಾಕ್ಟರರ ಗಾಲ್ಫ್

ನಾನು ಗಾಲ್ಫ್ ಆಡಲು ಹೋದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ತಪ್ಪು ಯಾರದು ಎಂಬುದು ಮಾತ್ರ ಮನೆಗೆ ಬಂದು ಚಹಾ ಕುಡಿದ ಮೇಲೂ ತಿಳಿಯುವುದಿಲ್ಲ. ಅಥಣಿಯಲ್ಲಿ ನಾನು ಸರಕಾರಿ ದನದ ಡಾಕ್ಟರು. ಊರಿಗೆ ಹತ್ತಿಕೊಂಡೇ ದ್ರಾಕ್ಷಿ ತೋಟವಿರುವ ನನ್ನ ಗೆಳೆಯರೊಬ್ಬರು ಪುಣೆಯಲ್ಲಿ ಈ ಆಟ ನೋಡಿ ಬಂದ ಹುರುಪಿನಲ್ಲಿ ಹಳೆಯ ಬಳ್ಳಿ ಕಿತ್ತು, ಆರು ಗುಂಡಿಗಳ ಪುಟ್ಟ ಗಾಲ್ಫ್ ಮೈದಾನ ಮಾಡಿದರು. ಒಂದೊಂದು ಗುಂಡಿಗೂ ಮೂರೇ ಏಟಿನಲ್ಲಿ ಚೆಂಡು ಹಾಕಬೇಕು. ಒಂದೇ ಏಟಿಗೆ ಹಾಕಿದವರ ಹೆಸರು ಬರೆಯಲು ಶೆಡ್ಡಿನಲ್ಲಿ ಒಂದು ಹಲಗೆ ತೂಗುಹಾಕಿದ್ದಾರೆ. ಆದರೆ ಚೆಂಡು ಬಿದ್ದದ್ದನ್ನು ಇನ್ನೊಬ್ಬರು ಕಣ್ಣಾರೆ ಕಂಡಿರಬೇಕು. ಎರಡು ವರ್ಷದಲ್ಲಿ ಆ ಹಲಗೆಯ ಮೇಲೆ ಮೂವರ ಹೆಸರು ಬಂದವು. ನನಗೆ ವರ್ಗವಾಗುವುದರೊಳಗೆ ನಾಲ್ಕನೆಯದು ನನ್ನದಾಗಬೇಕೆಂದು ಹಟ ತೊಟ್ಟಿದ್ದೆ. ಮದುವೆಗೂ ನಾನು ಇಷ್ಟು ಆಸೆಪಟ್ಟವನಲ್ಲ.

೧. ಝಂಡಾ

ಗುಂಡಿ ತೋಡಿ ಕೆಂಪು ಝಂಡಾ ಹಚ್ಚಿದ ದಿನವೇ ಸುತ್ತಲಿನ ಕಬ್ಬಿನ ಹೊಲದವರು ಪಹಣಿ ಉತಾರ ಹಿಡಿದುಕೊಂಡು ಬಂದು ನಿಂತರು. ರಸ್ತೆಯ ಸರ್ವೆ ಆಗಿದೆ, ಯಾರ ಹೊಲ ಹೋಗುತ್ತದೆ ಹೇಳಿರಿ ಎಂದು ಅವರ ತಕರಾರು. ಇದು ಬರೀ ಆಟ ಎಂದು ಗೆಳೆಯರು ಆಣೆ ಮಾಡಿ ಹೇಳಿದರೂ ಯಾರೂ ನಂಬಲಿಲ್ಲ. ಕೊನೆಗೆ ನನ್ನನ್ನು ಕೇಳಿದರು. ನಾನೂ ಆಟ ಎಂದೆ. ಅದರಿಂದ ಅವರ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆಟವಾಗಿದ್ದರೆ ಸರಕಾರಿ ಮನುಷ್ಯನಿಗೆ ಇಲ್ಲೇನು ಕೆಲಸ ಎಂದು ಒಬ್ಬರು ಕೇಳಿದರು. ಯೋಚಿಸಿ ನೋಡಿದರೆ ನನಗೂ ಆ ಪ್ರಶ್ನೆ ಸರಿಯೆನಿಸಿತು.

ಎಲ್ಲರೂ ಗೊಣಗುತ್ತ ಹೋದ ಮೇಲೆ ಒಬ್ಬ ರೈತ ಮಾತ್ರ ಹಿಂದೆ ಉಳಿದ. ನನ್ನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ:

"ಡಾಕ್ಟರ್ರ, ನಮ್ಮ ಹೊಲದಾಗೂ ಒಂದ್ ಝಂಡಾ ಹಚ್ಚಸ್ರಿ. ನನ್ನ ಮಗಾ ರಸ್ತೆ ಬಾಜೂಕ ಢಾಬಾ ಹಾಕಾಂವ ಅದಾನ."

೨. ದುಡಿದವನ ಸೋಲು

ಏಟುಗಳನ್ನು ಎಣಿಸುವ ಕೆಲಸ ಗೆಳೆಯರ ತಂದೆಯದು. ಜೀವಮಾನವೆಲ್ಲ ಕಬ್ಬನ್ನು ಟನ್ನಿನಲ್ಲಿ ಅಳೆದ ಹಿರಿಯರು. ಆರೂ ಗುಂಡಿ ಮುಗಿಯುವ ಹೊತ್ತಿಗೆ ಅವರ ಮಗ ಇಪ್ಪತ್ತು ಏಟು ಹೊಡೆದಿದ್ದರು, ನಾನು ನಲವತ್ತೊಂದು. ಹಿರಿಯರು ಎದ್ದು ಬಂದು, ಹೆಗಲ ಮೇಲಿದ್ದ ತಮ್ಮ ಶಾಲನ್ನೇ ತೆಗೆದು ನನಗೆ ಹೊದಿಸಿದರು. ನಾನೂ ಕೈ ಮುಗಿದು ಹೊದ್ದುಕೊಂಡೆ.

ಗಾಲ್ಫಿನಲ್ಲಿ ಕಡಿಮೆ ಹೊಡೆದವನೇ ಗೆದ್ದವನು ಎಂದು ಗೆಳೆಯರು ತಿಳಿಸಿ ಹೇಳಿದರು. ಶಾಲು ತೆಗೆಯಬೇಕೋ ಬಿಡಬೇಕೋ ತಿಳಿಯದೆ ನಾನು ಅರ್ಧ ತೆಗೆದು ನಿಂತೆ. ಹಿರಿಯರಿಗೆ ಮಗನ ಮೇಲೆ ಸಿಟ್ಟು ಬಂತು.

"ಬಿಸಲಾಗ ನಲವತ್ತೊಂದ್ ಸಲ ಬೆವರ ಸುರಿಸಿ ಹೊಡದಾಂವ ಸೋತ. ಇಪ್ಪತ್ತ ಸಲ ಕೈ ಎತ್ತಿ ನೆರಳಿಗೆ ಕುಂತಾಂವ ಗೆದ್ದ. ಇದ್ಯಾವ ನ್ಯಾಯಲೇ?"

ಶಾಲು ಈಗಲೂ ನಮ್ಮ ಮನೆಯಲ್ಲಿದೆ. ಗೆದ್ದದ್ದಕ್ಕೆ ಬಂದದ್ದೋ ಸೋತದ್ದಕ್ಕೋ ಎಂದು ಹೆಂಡತಿ ಕೇಳಿದರೆ ಹೇಳಲು ಬರುವುದಿಲ್ಲ.

೩. ಬೀಗರು

ರಾಯಬಾಗದಿಂದ ಗೆಳೆಯರ ಹೊಸ ಬೀಗರು ಬಂದಿದ್ದರು. ಅವರನ್ನೂ ಆಟಕ್ಕೆ ಇಳಿಸಿದರು. ಗುಂಡಿಯಿಂದ ದೂರವಿದ್ದವರು ಮೊದಲು ಹೊಡೆಯಬೇಕೆಂಬುದು ನಿಯಮ. ಬೀಗರ ಚೆಂಡು ಹಿಂದೆ ಬಿತ್ತು, ಗೆಳೆಯರದು ಮುಂದೆ. ಹೆಣ್ಣು ಕೊಟ್ಟವರು ಬೀಗರಿಗಿಂತ ಮುಂದಿರುವುದು ಚೆನ್ನಾಗಿರುವುದಿಲ್ಲವೆಂದು ಗೆಳೆಯರು ತಮ್ಮ ಚೆಂಡನ್ನು ಕಾಲಿನಿಂದ ಹಿಂದೆ ಸರಿಸಿದರು. ಬೀಗರಿಗೆ ಸಂಕೋಚವಾಯಿತು, ಅವರೂ ತಮ್ಮದನ್ನು ಸರಿಸಿದರು. ಇವರು ಒಂದು ಮಾರು, ಅವರು ಒಂದು ಮಾರು. ಊಟದ ಹೊತ್ತಿಗೆ ಇಬ್ಬರೂ ಆಟ ಶುರು ಮಾಡಿದ ಜಾಗವನ್ನೂ ದಾಟಿ ಹಿಂದಕ್ಕೆ ಹೋಗಿ ಶೆಡ್ಡಿನ ಬಾಗಿಲಲ್ಲಿದ್ದರು.

ಗೆದ್ದವರು ಯಾರು ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

೪. ಆರನೆಯ ಗುಂಡಿ

ಕೊನೆಗೂ ನನ್ನ ವರ್ಗದ ಆದೇಶ ಬಂತು, ಅದೂ ಬೀದರದ ಕಡೆಗೆ. ಕೊನೆಯ ರವಿವಾರ ಗೆಳೆಯರೊಂದಿಗೆ ಆಡಲು ಹೋದೆ. ಐದು ಗುಂಡಿಗಳಲ್ಲಿ ಎಂದಿನ ಹಾಡೇ ಆಯಿತು. ಆರನೆಯದು ಒಡ್ಡಿನ ಆಚೆ ಇದೆ, ನಿಂತಲ್ಲಿಂದ ಝಂಡಾದ ತುದಿ ಮಾತ್ರ ಕಾಣುತ್ತದೆ. ಇದೇ ಕೊನೆಯ ಅವಕಾಶ. ಮನೆದೇವರನ್ನು ನೆನೆದು ಹೊಡೆದೆ. ಚೆಂಡು ಒಡ್ಡು ದಾಟಿ ಮಾಯವಾಯಿತು.

ಕಬ್ಬಿನೊಳಗೆ ಹೋಗಿರಬೇಕೆಂದು ಇಬ್ಬರೂ ಕಬ್ಬಿಗೆ ನುಗ್ಗಿದೆವು. ಕಾಲು ತಾಸು ಹುಡುಕಿ, ರವುದಿಯ ಒಣ ಗರಿಗಳಿಂದ ಕೈಯೆಲ್ಲ ಗೀರಿಸಿಕೊಂಡು ಹೊರಗೆ ಬಂದರೆ ಒಡ್ಡಿನ ಆಚೆ ಝಂಡಾವೇ ಕಾಣಲಿಲ್ಲ. ಹುಲ್ಲಿನ ತುಂಬ ಕುರಿಗಳು. ನಡುವೆ, ನನ್ನ ಬಳಿ ಔಷಧಕ್ಕೆ ಬರುವ ಕುರಿಗಾಹಿ ಮುದುಕ ನಿಂತಿದ್ದ. ಅವನ ಕಾಲ ಬಳಿ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ನನ್ನ ಚೆಂಡು.

"ನಮಸ್ಕಾರ್ರಿ ಡಾಕ್ಟರ್ರ," ಎಂದ ಮುದುಕ. "ನಿಮ್ಮ ಚೆಂಡು ಸೀದಾ ಬಂದು ತೆಗ್ಗಿನ್ಯಾಗ ಬಿತ್ರಿ. ಕಳೀಬಾರ್ದಂತ ತಗದ ಇಟ್ಟೀನಿ."

ಗೆಳೆಯರು ಮೂರು ಸಲ ತಿರುಗಿಸಿ ತಿರುಗಿಸಿ ಕೇಳಿದರು, ಮೂರೂ ಸಲ ಮುದುಕ ಅದನ್ನೇ ಹೇಳಿದ. ಹೊರಗೆ ತೆಗೆದಿಟ್ಟ ಚೆಂಡು ಬಿದ್ದ ಲೆಕ್ಕವೋ ಬೀಳದ ಲೆಕ್ಕವೋ ಎಂದು ನನಗೆ ಗೊಂದಲ. ಕಣ್ಣಾರೆ ಕಂಡವನು ಎದುರಿಗೇ ಇದ್ದಾನೆ, ನಾಳೆಯೇ ಹೆಸರು ಬರೆಸುತ್ತೇನೆ ಎಂದು ಗೆಳೆಯರು ನನ್ನನ್ನು ತಬ್ಬಿಕೊಂಡರು. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಬೀದರಕ್ಕೆ ಅಲ್ಲ, ಇನ್ನೂ ದೂರಕ್ಕೆ ಕಳಿಸಿದರೂ ಆಗ ಹೋಗುತ್ತಿದ್ದೆ.

ಗುಂಡಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆಯುತ್ತೇನೆಂದು ಗೆಳೆಯರು ಮೊಬೈಲ್ ಹಿಡಿದು ಸುತ್ತ ನೋಡಿದರು. ಎಲ್ಲಿ ನೋಡಿದರೂ ಹುಲ್ಲು, ಕುರಿ. ಗುಂಡಿ ಇಲ್ಲ. ನಾವಿಬ್ಬರೂ ಬಗ್ಗಿ ಹುಲ್ಲು ತಡವುತ್ತಿರುವುದನ್ನು ಕಂಡು ಮುದುಕ ಕಂಬಳಿಯೊಳಗಿಂದ ಝಂಡಾ ತೆಗೆದು ನನ್ನ ಕೈಗೆ ಕೊಟ್ಟ.

"ಹೋದ ವಾರ ನೀವ ಹೇಳಿದ್ರಲ್ರಿ, ತೆಗ್ಗಿನ್ಯಾಗ ಸಿಕ್ಕ ಮರಿ ಕಾಲ ಮುರಕೋತಾವ, ಕಂಡಲ್ಲೇ ಮುಚ್ಚು ಅಂತ. ಮಣ್ಣ ತುಂಬಿ ಘಟ್ಟಿ ತುಳದೀನ್ರಿ. ಕಾಳಜಿ ಮಾಡಬ್ಯಾಡ್ರಿ, ಇನ್ನ ಯಾವತ್ತೂ ನಿಮ್ಮ ಚೆಂಡು ಅದರಾಗ ಬೀಳಂಗಿಲ್ಲ."