ಅಪ್ಪೆಮಿಡಿ ಮರದ ಪರ ಮತ್ತು ವಿರೋಧ

ಯಾವ ವಿಷಯ ಕೊಟ್ಟರೂ ಅದರ ಪರವಾಗಿಯೂ ವಿರೋಧವಾಗಿಯೂ ಮಾತಾಡಬಲ್ಲವರು ಇಡೀ ಸಾಗರದಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಉಳಿದ ಯಾವುದನ್ನೂ ನಾನು ನಂಬುವವಳಲ್ಲ. ಜಾತಕ, ವಾಸ್ತು, ವಾಟ್ಸಾಪಿನಲ್ಲಿ ಬರುವ ಮನೆಮದ್ದು, ಬಸ್ ಕಂಡಕ್ಟರ್ ಹೇಳುವ "ಹಿಂದೆ ಸೀಟಿದೆ", ಎಲ್ಲಕ್ಕೂ ಪುರಾವೆ ಕೇಳುತ್ತೇನೆ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿಸುತ್ತಾರೆ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮೊಬೈಲು ಮಕ್ಕಳಿಗೆ ಮಾರಕ ಎಂದು ಬೆಳಗ್ಗೆ ಮೇಜು ಗುದ್ದಿ, ಅದೇ ಮೊಬೈಲು ಮಕ್ಕಳ ಮೂರನೆಯ ಕಣ್ಣು ಎಂದು ಮಧ್ಯಾಹ್ನ ಗದ್ಗದಿತಳಾಗಿ, ಸಂಜೆ ಗೆದ್ದ ಕಪ್ಪು ಹಿಡಿದು ಮನೆಗೆ ಬಂದವಳು ನಾನು. ವಿಶಾಲ ದೃಷ್ಟಿ, ಸಮತೋಲನ ಎಂದರೆ ಇದೇ ಎಂದುಕೊಂಡಿದ್ದೆ. ಶೋಕೇಸಿನಲ್ಲಿದ್ದ ಕಪ್ಪುಗಳೂ ಹಾಗೇ ಹೇಳುತ್ತಿದ್ದವು. ಅಕ್ಕ ಮಾತ್ರ ಅವುಗಳಲ್ಲಿ ದೊಡ್ಡದೊಂದನ್ನು ಹೇರ್‌ಪಿನ್ ಹಾಕಿಡಲು ಬಳಸುತ್ತಿದ್ದಳು.

ಆ ಅಕ್ಕನಿಗೆ ಮದುವೆ ನಿಶ್ಚಯವಾಯಿತು. ಗಂಡಿನ ಕಡೆಯವರು ತೀರ್ಥಹಳ್ಳಿಯವರು, ಮದುವೆಯೂ ಅಲ್ಲೇ. ನಮ್ಮಲ್ಲಿ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ನಮಗೆ ಇಬ್ಬರು. ಹೊಸನಗರದಾಚೆ, ನಗರದ ಕೋಟೆಯ ಹತ್ತಿರ, ಒಂದೇ ಅಂಗಳದ ಎರಡು ತುದಿಯಲ್ಲಿ ಇಬ್ಬರ ಮನೆ. ನಡುವೆ ಒಂದು ಅಪ್ಪೆಮಿಡಿ ಮಾವಿನ ಮರ. ಆ ಮರವನ್ನು ಉಳಿಸಬೇಕೆಂದು ದೊಡ್ಡಮಾವ, ತಮ್ಮ ಹೆಂಚಿನ ಮೇಲೆ ಬಾಗಿದ ಅದನ್ನು ಕಡಿಸಬೇಕೆಂದು ಸಣ್ಣಮಾವ. ಇದೇ ಕಾರಣಕ್ಕೆ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. ಅಮ್ಮ ಹೋಗಿ ಕೇಳಿದಾಗ, "ಅವನು ಬರೋದಾದ್ರೆ ನಾನು ಬರಲ್ಲ" ಎಂದು ಇಬ್ಬರೂ ಬೇರೆ ಬೇರೆಯಾಗಿ, ಆದರೆ ಒಂದೇ ಧಾಟಿಯಲ್ಲಿ ಹೇಳಿ ಕಳಿಸಿದ್ದರು.

ಅಕ್ಕ ಬಟ್ಟೆ ಮಡಚುತ್ತಾ, "ಸಣ್ಣೋಳಿದ್ದಾಗ ಅವರ ಮನೆ ಹಳ್ಳ ದಾಟುವಾಗ ಒಂದು ಕೈ ದೊಡ್ಡಮಾವ, ಒಂದು ಕೈ ಸಣ್ಣಮಾವ ಹಿಡ್ಕೊಂಡು ನನ್ನನ್ನ ನೀರಿನ ಮೇಲೆ ತೂಗಿಸ್ತಿದ್ರು. ಮಂಟಪಕ್ಕೂ ಹಾಗೇ ಹೋಗ್ಬೇಕು ಅಂತಿತ್ತು" ಎಂದಳು.

"ನಾನು ಕರ್ಕೊಂಡು ಬರ್ತೀನಿ" ಎಂದೆ.

ಅಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ನೋಡು ಪಲ್ಲೂ, ನೀನು ಬರೀ ಕರೆದು ಬಾ. ಕಾರ್ಡು ಕೊಡು, ಅಕ್ಷತೆ ಕೊಡು, ಕಾಲಿಗೆ ಬೀಳು, ಬಸ್ ಹತ್ತು. ವಾದ ಮಾಡ್ಬೇಡ."

"ವಾದ ಅಲ್ಲ ಅಕ್ಕ. ಒಬ್ಬರಿಗೆ ಇನ್ನೊಬ್ಬರ ದೃಷ್ಟಿಕೋನ ತೋರಿಸ್ತೀನಿ ಅಷ್ಟೆ."

"ಅದೇ ಬೇಡ ಅಂದಿದ್ದು."

ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತೆ. ಹೊರಗೆ ಮಂಜು. ರಸ್ತೆಯ ಮರಗಳು ಒಂದೊಂದೇ ಬಂದು ಗುರುತು ಹೇಳಿ, ಮತ್ತೆ ಇಲ್ಲವಾಗುತ್ತಿದ್ದವು. ಬಸ್ಸು ನೆಲದ ಮೇಲೆ ಓಡುತ್ತಿದೆಯೋ ಹಾಲಿನ ಪಾತ್ರೆಯೊಳಗೆ ತೇಲುತ್ತಿದೆಯೋ ಗೊತ್ತಾಗುವಂತಿರಲಿಲ್ಲ. ಆ ತೂಗಾಟದಲ್ಲಿ ನಾನು ಇಬ್ಬರು ಮಾವಂದಿರನ್ನು ಎಷ್ಟು ಸಲ ಒಂದು ಮಾಡಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವರು ಅಪ್ಪಿಕೊಂಡು ಅಳುತ್ತಿದ್ದರು, ಪ್ರತಿ ಸಲವೂ ನಾನು ವಿನಯದಿಂದ ಪಕ್ಕಕ್ಕೆ ನಿಲ್ಲುತ್ತಿದ್ದೆ. ಹೊಸನಗರದಲ್ಲಿ ಬಸ್ಸು ನಿಂತಾಗ ಊರಿನವರೆಲ್ಲ ಹಾರ ಹಿಡಿದು ನನಗಾಗಿ ಕಾಯುತ್ತಿದ್ದಂತೆ ಕಂಡಿತು. ಕಣ್ಣುಜ್ಜಿ ನೋಡಿದರೆ ಹೂವಿನ ಅಂಗಡಿ.

ಮೊದಲು ದೊಡ್ಡಮಾವನ ಮನೆ, ಹಿರಿಯರಲ್ಲವೇ. ಮಾವ ಜಗಲಿಯಲ್ಲೇ ಕುಳಿತಿದ್ದರು, ಮರದ ಕಡೆ ಮುಖ ಮಾಡಿ, ಅದು ಯಾವ ಗಳಿಗೆಯಲ್ಲಾದರೂ ಕಳುವಾದೀತು ಎಂಬಂತೆ.

"ಎಂತ ಮಾರಾಯ್ತಿ, ಒಬ್ಳೇ ಬಂದ್ಯಾ? ಮೊದ್ಲು ಕೈಕಾಲು ತೊಳಿ. ಕಡುಬಿದೆ."

ಕಡುಬು ತಿಂದೆ. ಕಾರ್ಡು ಕೊಟ್ಟೆ, ಅಕ್ಷತೆ ಕೊಟ್ಟೆ, ಕಾಲಿಗೆ ಬಿದ್ದೆ. ಅಕ್ಕ ಹೇಳಿದ್ದರಲ್ಲಿ ಬಸ್ ಹತ್ತುವುದೊಂದೇ ಬಾಕಿ. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

"ಮಾವ, ಆ ಮರ..." ಎಂದೆ.

"ಆ ಮರದ ಸುದ್ದಿಗೆ ಬರ್ಬೇಡ. ನಮ್ಮಮ್ಮ ಹಳ್ಳದ ದಂಡೆಯಿಂದ ಸಸಿ ತಂದು ನೆಟ್ಟಿದ್ದು. ಅದರ ಮಿಡಿ ಉಪ್ಪಲ್ಲಿ ಹಾಕಿಟ್ರೆ ಮೂರು ವರ್ಷ ಆದ್ರೂ ಕರುಂ ಅಂತದೆ. ಅದನ್ನ ಕಡಿಯೋದಂತೆ. ನನ್ನನ್ನೇ ಕಡೀಲಿ."

ನಾನು ಗಂಟಲು ಸರಿಮಾಡಿಕೊಂಡೆ. ಕಿವಿಯಲ್ಲಿ ಸ್ಪರ್ಧೆಯ ಗಂಟೆ ಬಾರಿಸಿದಂತಾಯಿತು. "ಮಾವ, ಒಂದು ನಿಮಿಷ ಸಣ್ಣಮಾವನ ಹಾಸಿಗೆಯಲ್ಲಿ ಮಲಗಿ ನೋಡಿ. ಗಾಳಿ ಎದ್ದಿದೆ. ಹೆಂಚಿನ ಮೇಲೆ ಮರ ಒರಗಿದೆ. ಅತ್ತೆ ಕಣ್ಣು ಬಿಟ್ಟುಕೊಂಡು ಮಾಡಿನ ಹೆಂಚನ್ನೇ ನೋಡ್ತಿದಾರೆ. ಉಪ್ಪಿನಕಾಯಿ ದೊಡ್ಡದಾ, ತಮ್ಮನ ನಿದ್ದೆ ದೊಡ್ಡದಾ? ಅಜ್ಜಿ ನೆಟ್ಟಿದ್ದು ಮರ ಒಂದನ್ನೇ ಅಲ್ಲ ಮಾವ, ನಿಮ್ಮಿಬ್ಬರನ್ನೂ."

ಕೊನೆಯ ವಾಕ್ಯ ಆ ಕ್ಷಣಕ್ಕೆ ಹೊಳೆದದ್ದು. ನನಗೇ ರೋಮಾಂಚನವಾಯಿತು. ಮಾವ ಎಲೆಯಡಿಕೆ ಕವಳದ ತಟ್ಟೆಯ ಕಡೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಹೌದನೇ? ಅವನಿಗೆ ನಿದ್ದೆ ಬರಲ್ವನೇ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಒಂದು ಕಪ್ಪು ಗೆದ್ದಾಯಿತು.

ಅಂಗಳ ದಾಟಿ ಸಣ್ಣಮಾವನ ಮನೆ. ಮದುವೆ ಕರೆಯಲು ಹೋದವರು ಒಂದು ಮನೆಯಲ್ಲಿ ಏನು ತಿಂದರೋ ಪಕ್ಕದ ಮನೆಯಲ್ಲೂ ಅದಕ್ಕೆ ಕಡಿಮೆ ತಿನ್ನಬಾರದು. ಸಮತೋಲನದ ಈ ನಿಯಮ ನಮ್ಮಲ್ಲಿ ಬಹಳ ಕಟ್ಟುನಿಟ್ಟು.

"ಹೊಟ್ಟೆ ತುಂಬಿದೆ ಅತ್ತೆ."

"ಆ ಮನೇಲಿ ನಾಲ್ಕು ಕಡುಬು ತಿಂದಿದೀಯ. ಕಿಟಕೀಲಿ ಕಾಣ್ತಿತ್ತು" ಎಂದು ಅತ್ತೆ ಐದು ಬಡಿಸಿದರು.

ಸಣ್ಣಮಾವ ಮಾತು ಕಡಿಮೆಯ ಮನುಷ್ಯ. "ಮರ ಹೋಗ್ಬೇಕು. ನನ್ನದು ಅಷ್ಟೇ" ಎಂದರು. ಐದನೆಯ ಕಡುಬು ಇನ್ನೂ ಗಂಟಲಲ್ಲಿತ್ತು, ಆದರೂ ನಾನು ಎದ್ದು ನಿಂತೆ. ಕೂತು ಮಾತಾಡಿದರೆ ನನಗೆ ಅಲಂಕಾರ ಬರುವುದಿಲ್ಲ.

"ಮಾವ, ಅಜ್ಜಿ ಹೋದ ಮೇಲೆ ಅವರದ್ದು ಅಂತ ಈ ಮನೆಯಲ್ಲಿ ಏನು ಉಳಿದಿದೆ? ಸೀರೆ ಹಂಚಿ ಆಯ್ತು, ಪಾತ್ರೆ ಹಂಚಿ ಆಯ್ತು. ಆದರೆ ಮಿಡಿ ಮುರಿದಾಗ ಸೊನೆಯ ಒಂದು ಘಾಟು ಬರುತ್ತಲ್ಲ, ಅದು ಅಜ್ಜಿಯ ಕೈಯ ವಾಸನೆ. ಅದನ್ನ ಯಾವ ಗರಗಸದಿಂದ ಕಡಿತೀರಿ? ದೊಡ್ಡಮಾವ ಜಗಲಿಯಲ್ಲಿ ಕೂತು ಕಾಯ್ತಿರೋದು ಮರವನ್ನಲ್ಲ ಮಾವ, ಅಮ್ಮನನ್ನ."

ಸಣ್ಣಮಾವ ಎದ್ದು ಒಳಗೆ ಹೋದರು. ಮೂಗು ಸೀಟಿಕೊಳ್ಳುವ ಸದ್ದು ಕೇಳಿತು. ಅತ್ತೆ ನನ್ನನ್ನೇ ನೋಡುತ್ತಾ, "ಎಂತ ಮಾಡಿದ್ಯೇ ನೀನು? ಇವ್ರಪ್ಪಯ್ಯ ಸತ್ತಾಗ್ಲೂ ಅಳದಿದ್ದ ಮನುಷ್ಯ" ಎಂದರು.

ಎರಡನೆಯ ಕಪ್ಪು!

ಇನ್ನು ನಾನು ಮಾಡುವಂಥದ್ದೇನೂ ಇರಲಿಲ್ಲ. ಇಬ್ಬರ ಮನಸ್ಸೂ ಕರಗಿದೆ, ತಾವಾಗಿಯೇ ಅಂಗಳದ ಮಧ್ಯಕ್ಕೆ ಬಂದು ಸೇರುತ್ತಾರೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಒಂಬತ್ತು ಕಡುಬುಗಳ ಭಾರ ಹೊತ್ತು ಅದೇ ಮರದ ಬುಡದಲ್ಲಿ ಹುಲ್ಲಿನ ಮೇಲೆ ಮಲಗಿದೆ. ಮೇಲೆ ಎಲೆಗಳ ಸಂದಿಯಲ್ಲಿ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಹೆಬ್ಬೆರಳಿನಷ್ಟು ಉದ್ದದ ಮಿಡಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ಎಲ್ಲೋ ದೂರದಲ್ಲಿ ಯಾರೋ ಅಕೇಶಿಯಾ ಮರ ಕಡಿಸುತ್ತಿದ್ದ ಸದ್ದು ದುಂಬಿಯ ಗುಂಯ್‌ಗುಡುವಿಕೆಯಷ್ಟು ಮೃದುವಾಗಿ ಬರುತ್ತಿತ್ತು. ಮರದ ವಾಸನೆ ಹುಳಿಯೋ ಸಿಹಿಯೋ ಎಂದು ಯೋಚಿಸುತ್ತಾ, ಎರಡರ ಪರವಾಗಿಯೂ ವಾದ ಕಟ್ಟುತ್ತಾ, ಕಣ್ಣು ಮುಚ್ಚಿದೆ.

ಕನಸಿನಲ್ಲಿ ಮರವೇ ಅಧ್ಯಕ್ಷತೆ ವಹಿಸಿತ್ತು. ಎದುರಿಗೆ ಸಾಲು ಸಾಲಾಗಿ ಮಿಡಿಗಳು, ಪುಟ್ಟ ಪುಟ್ಟ ಹಸಿರು ಸಭಿಕರು. ನಾನು ಪರವಾಗಿ ಮಾತಾಡಿದೆ, ಹೂವು ಉದುರಿತು. ವಿರೋಧವಾಗಿ ಮಾತಾಡಿದೆ, ಇನ್ನಷ್ಟು ಉದುರಿತು. ಹೂವಿನಲ್ಲಿ ಕೊರಳಿನವರೆಗೆ ಮುಳುಗಿ ನಿಂತಿದ್ದಾಗ ಅಧ್ಯಕ್ಷರು ನಿಧಾನವಾಗಿ ಕೇಳಿದರು: "ಅದೆಲ್ಲ ಆಯ್ತು ಕಣೇ. ನೀನು ನೋಡಿದ್ದೇನು?"

ನಾನು ಚೀಟಿಗಾಗಿ ಕೈಯಾಡಿಸಿದೆ. ಚೀಟಿಯೇ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ವಿಚಿತ್ರವಾದ ಗಂಟೆ, ನಿಲ್ಲುತ್ತಲೇ ಇಲ್ಲ, ಕಿವಿಯ ಪಕ್ಕದಲ್ಲೇ ಗರ್ರ್ ಎನ್ನುತ್ತಿದೆ.

ಕಣ್ಣು ಬಿಟ್ಟರೆ ಮರ ಕಡಿಯುವ ಮೆಷಿನ್ನು.

ಅಕೇಶಿಯಾ ಕಡಿಯುತ್ತಿದ್ದ ಆಳನ್ನೇ ದೊಡ್ಡಮಾವ ಹೋಗಿ ಕರೆತಂದಿದ್ದರು. ಸಣ್ಣಮಾವ ಓಡಿಬಂದು ಮರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ವರ್ಷಗಳ ಮೌನ ಮುರಿದಿತ್ತು. ಆದರೆ ನಾನು ಬಸ್ಸಿನಲ್ಲಿ ಕಂಡ ರೀತಿಯಲ್ಲಲ್ಲ.

"ಬಿಡೋ ಮರಾನ. ಅದು ಹೋಗ್ಲೇಬೇಕು" ಎಂದು ದೊಡ್ಡಮಾವ.

"ಮುಟ್ಟಿ ನೋಡು ಅಣ್ಣ. ಇದು ಅಮ್ಮನ ಕೈಯ ವಾಸನೆ" ಎಂದು ಸಣ್ಣಮಾವ.

"ವಾಸನೆ ದೊಡ್ಡದಾ, ನಿನ್ನ ನಿದ್ದೆ ದೊಡ್ಡದಾ?"

"ನಿದ್ದೆ ಹಾಳಾಗ್ಲಿ. ಇದನ್ನ ಯಾವ ಗರಗಸದಿಂದ ಕಡಿತೀಯ?"

"ಇದೇ ಗರಗಸದಿಂದ. ಪೆಟ್ರೋಲು ಹಾಕಿಸ್ಕೊಂಡೇ ಬಂದಿದೀನಿ."

ಆಗ ನನಗೆ ನನ್ನ ಸಾಧನೆಯ ಪೂರ್ಣ ಸ್ವರೂಪ ತಿಳಿಯಿತು. ನಾನು ಇಬ್ಬರನ್ನೂ ಒಪ್ಪಿಸಿದ್ದೆ. ಒಪ್ಪಿಸಿದ್ದರಲ್ಲಿ ಒಂದು ಚೂರೂ ಬಾಕಿ ಉಳಿಸಿರಲಿಲ್ಲ. ಜಗಳ ಇದ್ದಲ್ಲೇ ಇತ್ತು. ಜಗಳವಾಡುವವರು ಮಾತ್ರ ಜಾಗ ಬದಲಿಸಿಕೊಂಡಿದ್ದರು!

"ಕಡಿಯೋದಾ, ಬಿಡೋದಾ ಹೇಳಿ" ಎಂದು ಮೆಷಿನ್ನಿನವನು ಕೂಗಿದ. ಆಮೇಲೆ ತಾನೇ ಮೆಷಿನ್ನು ಆಫ್ ಮಾಡಿ ಕಟ್ಟೆಯ ಮೇಲೆ ಕೂತ.

ಸದ್ದು ನಿಂತಾಗ ದೊಡ್ಡಮಾವನಿಗೆ ಏನೋ ಹೊಳೆಯಿತು. "ಅಲ್ವೋ, ಮರ ಕಡೀಬೇಕು ಅಂತಿದ್ದೋನು ನೀನು. ಈ ವಾಸನೆ ಗೀಸನೆ ಯಾರು ಹೇಳ್ಕೊಟ್ಟಿದ್ದು ನಿಂಗೆ?"

"ಅವಳು" ಎಂದು ಸಣ್ಣಮಾವ ಗದ್ದದಲ್ಲೇ ತೋರಿಸಿದರು. ಕೈ ಮರ ಬಿಟ್ಟಿರಲಿಲ್ಲ.

"ನಂಗೆ ನಿದ್ದೆ ಕತೆ ಹೇಳಿದ್ದೂ ಅವಳೇ."

"ನಮ್ಮನೇಲಿ ಐದು ಕಡುಬು ತಿಂದು ನಿನ್ನ ಪರ ಮಾತಾಡಿದ್ಲು."

"ನಮ್ಮನೇಲಿ ನಾಲ್ಕು ತಿಂದು ನಿನ್ನ ಪರ."

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ಎರಡು ಮುಖಗಳ ಹೋಲಿಕೆ ನನಗೆ ಅದುವರೆಗೆ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

"ಮಾವ, ಯಾವುದೇ ಸಮಸ್ಯೆಯನ್ನು ವಿಶಾಲವಾದ ದೃಷ್ಟಿಯಿಂದ, ಎರಡೂ ಮಗ್ಗುಲುಗಳಿಂದ..." ಎಂದು ಶುರುಮಾಡಿದೆ.

"ಬಾಯ್ಮುಚ್ಚೇ" ಎಂದರು ಇಬ್ಬರೂ.

ಅಷ್ಟರಲ್ಲಿ ಅಕ್ಕನ ಫೋನು. ನಾನು ಎತ್ತಿದವಳು ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ. "ಬಸ್ ಹತ್ತಿದ್ಯಾ?" ಎಂದಳು. ಇಲ್ಲ ಎಂದೆ. ಹಿಂದಿನಿಂದ ಇಬ್ಬರು ಮಾವಂದಿರೂ ನನ್ನ ಮೇಲೆ ದೂರು ಹೇಳಿದರು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಅಳುತ್ತಾಳೆ ಎಂದುಕೊಂಡೆ.

"ಮಾವ, ಹೆಂಚಿನ ಮೇಲೆ ಬಾಗಿರೋದು ಇಡೀ ಮರಾನಾ, ಒಂದು ಗೆಲ್ಲಾ?" ಎಂದಳು.

ಎಲ್ಲರೂ ತಲೆಯೆತ್ತಿದೆವು. ಮೆಷಿನ್ನಿನವನೂ ಎತ್ತಿದ. ಮರ ಆಕಾಶದ ತುಂಬ ಹರಡಿಕೊಂಡಿತ್ತು. ಒಂದು ಕೈ ಹಳ್ಳದ ಕಡೆ, ಒಂದು ಹಿತ್ತಲ ಕಡೆ, ಒಂದು ದೊಡ್ಡಮಾವನ ಜಗಲಿಯ ಕಡೆ, ಇನ್ನೊಂದು ಸುಮ್ಮನೆ ಸೂರ್ಯನ ಕಡೆ. ಸಣ್ಣಮಾವನ ಮಾಡಿನ ಮೇಲಿದ್ದದ್ದು ಒಂದೇ ಗೆಲ್ಲು, ಒಂದೇ ಕೊಂಬೆ. ಮಧ್ಯಾಹ್ನವೆಲ್ಲ ಆ ಮರದ ಕೆಳಗೆ ಅಂಗಾತ ಮಲಗಿದ್ದವಳು ನಾನು. ಎರಡು ಭಾಷಣ ಮಾಡಿದವಳು ನಾನು. ಒಂದು ಸಲವೂ ಮರವನ್ನು ನೋಡಿರಲಿಲ್ಲ. ನನ್ನ ಚೀಟಿಗಳಲ್ಲಿ ಕಡಿ, ಕಡಿಯಬೇಡ ಎಂಬ ಎರಡೇ ಇರುತ್ತವೆ.

"ಆ ಗೆಲ್ಲೊಂದು ತೆಗೆದ್ರೆ ಸಾಕು ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು" ಎಂದರು ಸಣ್ಣಮಾವ.

"ನಂಗೂ ಗೊತ್ತಿತ್ತು" ಎಂದರು ದೊಡ್ಡಮಾವ.

"ಮತ್ತೆ ಹೇಳ್ಬಾರ್ದಿತ್ತಾ?" ಎಂದೆ.

"ಮಾತು ಬಿಟ್ಟಿದ್ವಲ್ಲೇ. ಹೇಳೋದು ಹ್ಯಾಂಗೆ?" ಎಂದರು ದೊಡ್ಡಮಾವ.

ಗೆಲ್ಲಿನ ತುಂಬ ಮಿಡಿ ಇತ್ತು. ಅಪ್ಪೆಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಕಾಯಿಗೆ ಬರುವುದಿಲ್ಲ, ಕೊಳೆಯುತ್ತದೆ. ಹಾಗಾಗಿ ಗೆಲ್ಲಿಗೆ ಹಗ್ಗ ಬಿಗಿದು, ಅದನ್ನು ಇಬ್ಬರು ಮಾವಂದಿರೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, "ಸಡ್ಲ ಬಿಡು, ಸಡ್ಲ ಬಿಡು," "ನೀನು ಹಿಡ್ಕ ಅಣ್ಣ" ಎನ್ನುತ್ತಾ ಇಳಿಸಿದರು. ಅದು ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ತೂಗುತ್ತಾ ತೂಗುತ್ತಾ ನೆಲ ಮುಟ್ಟಿತು. ಒಂದು ಮಿಡಿಯೂ ಉದುರಲಿಲ್ಲ. ನಾನೂ ಹಗ್ಗಕ್ಕೆ ಕೈ ಹಾಕಲು ಹೋದೆ.

"ನೀನು ದೂರ ನಿಂತ್ಕ" ಎಂದರು ಇಬ್ಬರೂ.

ಮದುವೆಗೆ ಬರುತ್ತೇವೆ ಎಂದು ಇಬ್ಬರೂ ಒಪ್ಪಿದರು. ಒಂದು ಷರತ್ತು ಹಾಕಿದರು, ಅದನ್ನು ಬಸ್ ಹತ್ತಿಸುವಾಗಲೂ ಕಿಟಕಿಯಲ್ಲಿ ಮತ್ತೊಮ್ಮೆ ಹೇಳಿದರು.

ತೀರ್ಥಹಳ್ಳಿಯ ಛತ್ರದಲ್ಲಿ ಅಕ್ಕ ಮಂಟಪಕ್ಕೆ ನಡೆದು ಬಂದಾಗ ಒಂದು ಕೈ ದೊಡ್ಡಮಾವನದು, ಒಂದು ಕೈ ಸಣ್ಣಮಾವನದು. ತುಂಗೆಯ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಅಕ್ಕನ ಕಾಲು ನೆಲದ ಮೇಲಿತ್ತೋ ಹಳ್ಳದ ನೀರಿನ ಮೇಲಿತ್ತೋ, ಪುರಾವೆ ಕೇಳಬೇಕು ಎಂದು ನನಗೆ ಅನ್ನಿಸಲಿಲ್ಲ.

ಊಟದಲ್ಲಿ ಬಡಿಸುವ ಕೆಲಸ ಹಂಚಿದರು. ನನಗೆ ಬಂದದ್ದು ಉಪ್ಪಿನಕಾಯಿ, ಅದೇ ಗೆಲ್ಲಿನ ಮಿಡಿ. ಎಲೆಗೊಂದು ಹಾಕಿ ಮುಂದೆ ಹೋಗಬೇಕು. ಷರತ್ತಿನ ಪ್ರಕಾರ ತುಟಿ ಬಿಚ್ಚದೆ ಅರ್ಧ ಪಂಕ್ತಿ ಮುಗಿಸಿದೆ. ಆಗ ಗಂಡಿನ ಕಡೆಯ ಹಿರಿಯರೊಬ್ಬರು ಮಿಡಿಯನ್ನು ಬೆರಳಲ್ಲಿ ಎತ್ತಿ ನೋಡಿ, "ಹುಳಿ ಹ್ಯಾಂಗಿದೆಯಮ್ಮ, ಜಾಸ್ತಿಯಾ?" ಎಂದು ಕೇಳಿದರು.

ನಾನು ಬಕೆಟ್ಟು ಕೆಳಗಿಟ್ಟೆ. ಗಂಟಲು ಸರಿಮಾಡಿಕೊಂಡೆ. "ಒಂದು ದೃಷ್ಟಿಯಿಂದ ನೋಡಿದರೆ..."

"ಮುಂದೆ ಹೋಗೇ!"

ಪಂಕ್ತಿಯ ಆ ತುದಿಯಿಂದ ದೊಡ್ಡಮಾವ, ಈ ತುದಿಯಿಂದ ಸಣ್ಣಮಾವ. ಒಂದೇ ಮಾತು, ಒಂದೇ ಉಸಿರು. ಮುಂದಿನ ಎಲೆಗೆ ಹೋದೆ.