ಹೊಸ್ತಿಲ ಹೊರಗಿನ ಗೂಗಿ

ನಮ್ಮ ಸೋದರಮಾವನಿಗೆ ಗ್ರೀಸ್ ದೇಶದ ಅಥೆನ್ಸಿನಲ್ಲಿ ಬೀಗರಿದ್ದಾರೆಂದು ವಿಜಾಪುರದ ಹತ್ತಿರದ ನಮ್ಮ ಇಂಡಿ ಎಂಬ ಊರಿನ ಅರ್ಧ ಜನ ನಂಬಿದ್ದರು. ಉಳಿದರ್ಧಕ್ಕೆ ಅವನ ತಲೆ ಕೆಟ್ಟಿದೆಯೆಂಬ ನಂಬಿಕೆ! ಎರಡಕ್ಕೂ ಕಾರಣ ಒಂದು ಬೆಳ್ಳಿ ನಾಣ್ಯ.

ಎಪ್ಪತ್ತರ ದಶಕದ ಮಾತು. ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಮಾವ ಜೋಳ ತರಲು ಸಿಂದಗಿ ಸಂತೆಗೆ ಹೋದವನು, ಹಳೆಯ ಮಣಿ, ನಾಣ್ಯ ಮಾರುವವನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕೈಗಡಿಯಾರ ಬಿಚ್ಚಿಕೊಟ್ಟು ನಾಣ್ಯ ತಂದ. ಜೋಳ? ನೆನಪಾಗಿದ್ದರೆ ತಾನೇ!

“ಗಡಿಯಾರ ಎಲ್ಲೈತ್ರಿ? ಟೈಮ್ ಎಷ್ಟಾತು?” ಎಂದಳು ಅತ್ತೆ.

“ಎರಡು ಸಾವಿರದ ನಾನೂರು ವರ್ಷ ಆತು ನೋಡು!” ಎಂದು ಮಾವ ನಾಣ್ಯ ಮುಂದೆ ಹಿಡಿದ.

ಒಂದು ಬದಿ ಶಿರಸ್ತ್ರಾಣ ತೊಟ್ಟ ದೇವಿ. ಅತ್ತೆ ಪರೀಕ್ಷಿಸಿದಳು. “ತಲಿ ಮ್ಯಾಲೆ ಬೋಗಾಣಿ ಯಾಕ ಹಾಕ್ಕೊಂಡಾಳ್ರಿ? ಆದ್ರ ಕಿವ್ಯಾಗ ಓಲಿ ಅದಾವ. ಛಲೋ ಮನಿ ಹೆಣ್ಮಗಳ ಇರಬೇಕು.” ಮರುಬದಿ ಹೊರಳಿಸಿದವಳು ಬಿಸಿ ಹಂಚು ಮುಟ್ಟಿದಂತೆ ಕೈಬಿಟ್ಟಳು! ಅಲ್ಲಿ ಕಣ್ಣು ಅಗಲಿಸಿ ಕೂತಿತ್ತು, ಗೂಗಿ, ಸಾಕ್ಷಾತ್ ಗೂಬೆ. ಮನೆಯ ಮೇಲೆ ಗೂಗಿ ಕೂತರೇ ಶಾಂತಿ ಮಾಡಿಸುವ ಊರು ನಮ್ಮದು. ಅದು ಒಳಗೇ ಬರುವುದೆಂದರೆ?

“ಇದು ಹೊಸ್ತಿಲಾ ದಾಟಿದ್ರ ನಾ ಮಸೂತಿಗೆ ಹೊಂಟೆ!” ಮಸೂತಿ ಅವಳ ತವರು.

“ಏ, ಇದು ಗ್ರೀಕರ ವಿದ್ಯಾದೇವಿ ಹಕ್ಕಿ. ಕತ್ತಲ್ಯಾಗೂ ಕಾಣತೈತಿ ಇದಕ್ಕ. ನಮ್ಮ ಸರಸ್ವತಿಗೆ ಹಂಸ ಇದ್ದಂಗ.”

“ಯಾಕ, ಅವರಿಗೆ ಹಂಸ ಸಿಗಲಿಲ್ಲೇನು?”

ಅಂದಿನಿಂದ ಅಥೆನ್ಸಿನ ಸಂಪತ್ತು ದನದ ಕೊಟ್ಟಿಗೆಯ ಗೂಡಿನಲ್ಲಿ, ತಂಬಾಕಿನ ಡಬ್ಬಿಯೊಳಗೆ ಸಂಸಾರ ಹೂಡಿತು. ಮಾವ ಚಹಾ ಅಲ್ಲೇ ಕುಡಿದ; ಬಂದವರನ್ನೂ ಅಲ್ಲೇ ಕೂಡಿಸಿದ. ಎಮ್ಮೆಗೂ ಗ್ರೀಸಿನ ಇತಿಹಾಸ ಬಾಯಿಪಾಠ! ದಿನಾ ಸಂಜೆ ಒಂದೇ ಅರ್ಜಿ: “ದೇವರ ಜಗಲಿ ಮ್ಯಾಲೆ ಬ್ಯಾಡ, ಪಡಸಾಲ್ಯಾಗರ ಇಡ್ಲೇನು?” ದಿನಾ ಒಂದೇ ತೀರ್ಪು: “ಮಸೂತಿ ಬಸ್ಸು ಎಷ್ಟಕ್ಕೈತ್ರಿ?”

ಇದು ಖರೇ ಬೆಳ್ಳಿಯೇ ಎಂದು ನಾನೊಮ್ಮೆ ಕೇಳಿ ಕೆಟ್ಟೆ. ಮಾವ ನನ್ನನ್ನು ಬೆಳ್ಳಿ-ಬಂಗಾರದ ಕೆಲಸದ ಪತ್ತಾರನ ಅಂಗಡಿಗೇ ಎಳೆದೊಯ್ದ. ಪತ್ತಾರ ಗುಲಗಂಜಿ ಇಟ್ಟು ತೂಗಿದ.

“ಒಂದೂವರಿ ತೊಲಿಗೆ ಎರಡ ಗುಂಜಿ ಕಮ್ಮಿ ಐತ್ರಿ ಮಾಸ್ತರ. ಒಂದು ಉಳಿ ಏಟು ಹಾಕ್ಲೇನು? ಒಳಗ ತಾಮ್ರ ಇದ್ರ ಗೊತ್ತಾಗ್ತೈತಿ.”

ಮಾವ ನಾಣ್ಯವನ್ನು ಎದೆಗೆ ಅವುಚಿಕೊಂಡ. ಆಮೇಲೆ ಗೂಗಿಯ ಬೆನ್ನಿಗಿದ್ದ ಹಳೆಯ ಸೀಳು ತೋರಿಸಿದ. ಅಥೆನ್ಸಿನ ಕಾಲದಲ್ಲೇ ಯಾರೋ ಉಳಿ ಹಾಕಿ ನೋಡಿದ್ದರು; ಒಳಗೂ ಬೆಳ್ಳಿಯೇ.

“ನಿಮ್ಮಂಥಾ ಸಂಶಯದ ಪತ್ತಾರ ಆಗೂ ಇದ್ದ ನೋಡ್ರಿ!”

ಕೆಲವು ವರ್ಷಕ್ಕೆ ಮಾವನ ಕಣ್ಣಿಗೆ ಪೊರೆ ಬಂತು. ನಾಣ್ಯದ ಗೂಗಿಯ ಕಣ್ಣು ಮಸುಕಾಗಿ ಕಂಡಾಗಲೇ ಅವನು ಹೆದರಿದ್ದು. ವಿಜಾಪುರದ ದವಾಖಾನೆಯಲ್ಲಿ ಆಪರೇಷನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಉಸುಕಿನ ಚೀಲ. ಅಲುಗುವಂತಿಲ್ಲ. ದೃಷ್ಟಿ ಬರುವುದೋ ಇಲ್ಲವೋ? ಮಾತಿನ ಮಲ್ಲ ಮಾವ ಮಾತೇ ಬಿಟ್ಟ. ಹತ್ತಿರ ನಾನಿದ್ದೆ. ಊರ ಮನೆಗೆ ಹೋಗಿದ್ದ ಅತ್ತೆ ಮೂರು ದಿನದ ಮೇಲೆ ಬಂದು, ಅವನ ಅಂಗೈಯಲ್ಲಿ ಏನೋ ಇಟ್ಟಳು. ಬೆರಳು ತಡಕಿತು. ಎರಡು ದುಂಡು ಕಣ್ಣು.

“ಗೂಗಿ! ಕೊಟ್ಟಿಗ್ಯಾಗಿಂದ ತಂದೇನು?”

ಮಾವನ ಬೆರಳು ಬೆನ್ನಿನ ಸೀಳಿಗೆ ಬಂದು ನಿಂತಿತು. ಅಲ್ಲೇನೋ ನುಣ್ಣನೆಯ ಪುಡಿ.

“ಏನಿದು?”

“ಕುಂಕುಮ,” ಎಂದಳು ಅತ್ತೆ. “ಕತ್ತಲ್ಯಾಗೂ ಕಾಣತೈತಿ ಇದಕ್ಕ ಅಂದಿದ್ರಲ್ಲಾ... ಮೂರು ದಿನ ದೇವರ ಜಗಲಿ ಮ್ಯಾಲೆ ಇತ್ತು.”